ವಿಡಿಯೋ ಆಟದ ಕಾರ್ಟ್ರಿಜ್‌ಗಳು: ಕಾಪಾಡುವುದು ಹೇಗೆ? ತೋರಿಸುವುದು ಹೇಗೆ?

ನಾಣ್ಯ, ಅಂಚೆ ಚೀಟಿ, ಚಿಟ್ಟೆ, ಕಪ್ಪೆಚಿಪ್ಪು ಮೊದಲಾದವನ್ನು ಕೂಡಿಸಿಡುವ ಹವ್ಯಾಸ ಮನುಷ್ಯನಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ಪಾದವು ಈ ಪಟ್ಟಿಗೆ ಮತ್ತೊಂದು ವಸ್ತುವನ್ನು ಸೇರಿಸಿತು. ಅದೇ ವಿಡಿಯೋ ಆಟದ ಕಾರ್ಟ್ರಿಜ್. ಅಂಗೈಯಲ್ಲಿ ಹಿಡಿಯಬಹುದಾದ ಪ್ಲಾಸ್ಟಿಕ್ ಪೆಟ್ಟಿಗೆ. ಅದರ ಮೇಲೆ ಬಣ್ಣದ ಚಿತ್ರವುಳ್ಳ ಚೀಟಿ. ಒಂದು ಅಂಚಿನಲ್ಲಿ ಲೋಹದ ಹಲ್ಲುಗಳ ಸಾಲು. 1990ರ ದಶಕದಲ್ಲಿ ನಮ್ಮ ಊರುಗಳ ಮಕ್ಕಳು ಇದನ್ನು 'ಕ್ಯಾಸೆಟ್' ಎಂದೇ ಕರೆಯುತ್ತಿದ್ದರು. ಹಾಡಿನ ಕ್ಯಾಸೆಟ್ಟಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಇದರೊಳಗೆ ಟೇಪೂ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ.

ತಿರುಗುವ ಭಾಗವಿಲ್ಲದ ವಸ್ತು ಸವೆಯುವುದಾದರೂ ಹೇಗೆ ಎಂದು ಯಾರಿಗಾದರೂ ತೋರಬಹುದು. ಆದರೆ ನಿಜಸ್ಥಿತಿ ಬೇರೆ. ಕಾರ್ಟ್ರಿಜ್ ಎಂಬುದು ಒಂದು ವಸ್ತುವಲ್ಲ, ನಾಲ್ಕು ವಸ್ತುಗಳ ಕೂಟ: ಪ್ಲಾಸ್ಟಿಕ್ ಕವಚ, ಕಾಗದದ ಚೀಟಿ, ಲೋಹದ ಸಂಪರ್ಕಗಳು, ಸಿಲಿಕಾನ್ ಚಿಪ್. ಈ ನಾಲ್ಕಕ್ಕೂ ಮುಪ್ಪು ಉಂಟು; ಅದು ಬರುವ ದಾರಿ ಮಾತ್ರ ಬೇರೆ ಬೇರೆ. ಅಲ್ಲದೆ ಸಂಗ್ರಾಹಕನಿಗೆ ಎರಡು ಆಸೆಗಳಿರುತ್ತವೆ. ತನ್ನ ಸಂಗ್ರಹ ನಾಲ್ವರ ಕಣ್ಣಿಗೆ ಬೀಳಬೇಕು. ಅದು ಬಹುಕಾಲ ಉಳಿಯಲೂ ಬೇಕು. ಈ ಎರಡು ಆಸೆಗಳು ಒಂದಕ್ಕೊಂದು ಅಡ್ಡಬರುತ್ತವೆ. ಅವುಗಳಿಗೆ ಹೊಂದಾಣಿಕೆ ತರುವ ಬಗೆಯನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕಾರ್ಟ್ರಿಜ್ ಹುಟ್ಟಿದ್ದು

ಮೊದಮೊದಲ ಮನೆಯಾಟದ ಯಂತ್ರಗಳಲ್ಲಿ ಆಟಗಳು ಯಂತ್ರದ ಒಳಗಣ ಸರ್ಕಿಟ್ಟಿನಲ್ಲೇ ಅಡಕವಾಗಿದ್ದವು. ಆ ಆಟಗಳು ಬೇಸರವಾದರೆ ಯಂತ್ರವೇ ಮೂಲೆ ಸೇರಬೇಕಾಗಿತ್ತು. 1976ರ ನವೆಂಬರಿನಲ್ಲಿ ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆಯು 'ಚಾನೆಲ್ ಎಫ್' ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇಂಜಿನಿಯರ್ ಜೆರಿ ಲಾಸನ್ ಅವರ ಮುಂದಾಳುತನದಲ್ಲಿ ರೂಪುಗೊಂಡ ಈ ಯಂತ್ರದಲ್ಲಿ ಆಟವು ಪ್ರತ್ಯೇಕವಾದೊಂದು ಸ್ಮರಣ ಚಿಪ್‌ನಲ್ಲಿತ್ತು. ಚಿಪ್ ಹಳದಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯನ್ನು ಬದಲಾಯಿಸಿದರೆ ಆಟ ಬದಲಾಗುತ್ತಿತ್ತು. ಮರುವರ್ಷ ಅಟಾರಿ ಸಂಸ್ಥೆಯೂ 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯೂ ಇದೇ ಮಾರ್ಗ ಹಿಡಿದವು. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಸಮಸ್ತ ಪ್ರಪಂಚವೂ 40 ಕಿಲೋಬೈಟ್‌ಗಳಲ್ಲಿ ಅಡಗಿತ್ತೆಂದರೆ ಅಂದಿನವರ ಮಿತವ್ಯಯ ಎಷ್ಟೆಂಬುದನ್ನು ಊಹಿಸಬಹುದು. ಇಂದು ನಾವು ಫೋನಿನಲ್ಲಿ ತೆಗೆಯುವ ಒಂದೇ ಒಂದು ಛಾಯಾಚಿತ್ರಕ್ಕೆ ಅದರ ಹತ್ತಾರು ಪಟ್ಟು ಜಾಗ ಬೇಕು.

ಕವಚ ಹಳದಿಯಾಗುವುದೇಕೆ?

ಬಹುಪಾಲು ಕಾರ್ಟ್ರಿಜ್‌ಗಳ ಕವಚ 'ಎಬಿಎಸ್' ಎಂಬ ಪ್ಲಾಸ್ಟಿಕ್ಕಿನದು. ಅಕ್ರಿಲೋನೈಟ್ರೈಲ್, ಬ್ಯೂಟಡೈಈನ್, ಸ್ಟೈರೀನ್ ಎಂಬ ಮೂರು ದ್ರವ್ಯಗಳು ಸೇರಿ ಇದಾಗುತ್ತದೆ. ಮೊದಲನೆಯದು ಗಡಸುತನವನ್ನೂ ಮೂರನೆಯದು ಹೊಳಪನ್ನೂ ಕೊಟ್ಟರೆ, ನಡುವಿನ ಬ್ಯೂಟಡೈಈನ್ ರಬ್ಬರಿನಂತೆ ಪೆಟ್ಟು ತಡೆಯುವ ಗುಣವನ್ನು ಕೊಡುತ್ತದೆ. ಆದರೆ ಅದರ ಅಣುಸರಪಣಿಯಲ್ಲಿ ದ್ವಿಬಂಧಗಳಿವೆ. ಗಾಳಿಯ ಆಮ್ಲಜನಕವು ದಾಳಿ ಮಾಡುವುದು ಅಲ್ಲಿಯೇ. ಸೂರ್ಯಪ್ರಕಾಶದ ಅತಿನೇರಳೆ ಕಿರಣಗಳು ಈ ದಾಳಿಗೆ ದಾರಿ ತೆರೆಯುತ್ತವೆ, ಶಾಖವು ಅದನ್ನು ತ್ವರೆಗೊಳಿಸುತ್ತದೆ. ಬೆಂಕಿ ಹತ್ತದಿರಲೆಂದು ಕೆಲವು ಪ್ಲಾಸ್ಟಿಕ್‌ಗಳಿಗೆ ಬೆರೆಸುವ ಬ್ರೋಮೀನ್ ಸಂಯುಕ್ತಗಳೂ ಬಣ್ಣಗೆಡಲು ನೆರವಾಗುತ್ತವೆ. ಫಲವಾಗಿ ಬೂದು ಬಣ್ಣದ ಪೆಟ್ಟಿಗೆ ಹಳದಿಗೆ ತಿರುಗಿ ಕ್ರಮೇಣ ಪೆಡಸಾಗುತ್ತದೆ.

ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣವನ್ನು ಲೇಪಿಸಿ ಅತಿನೇರಳೆ ಬೆಳಕಿಗೆ ಒಡ್ಡಿದರೆ ಈ ಹಳದಿ ಇಳಿಯುತ್ತದೆಂಬುದನ್ನು 2008ರ ಸುಮಾರಿಗೆ ಹವ್ಯಾಸಿಗಳು ಪ್ರಚಾರಕ್ಕೆ ತಂದರು. ಬಣ್ಣ ಮರಳುವುದೇನೋ ನಿಜ. ಆದರೆ ಹೋದ ಗಟ್ಟಿತನ ಮರಳದು. ಹಳದಿಯೂ ಕಾಲಾಂತರದಲ್ಲಿ ಮತ್ತೆ ಬರಬಹುದು. ಸಾಂದ್ರ ಪೆರಾಕ್ಸೈಡ್ ಚರ್ಮವನ್ನು ಸುಡುತ್ತದೆ, ಕಾಗದದ ಚೀಟಿಯನ್ನು ಹಾಳುಮಾಡುತ್ತದೆ. ಆದ್ದರಿಂದ ಬಿಳಿದು ಮಾಡುವ ಯತ್ನಕ್ಕಿಂತ ಹಳದಿಯಾಗದಂತೆ ತಡೆಯುವುದೇ ಲೇಸು.

ಬೆಳಕಿನ ಲೆಕ್ಕ

ಚೀಟಿಯ ಚಿತ್ರ ಮಾಸಲು ಮುಖ್ಯ ಕಾರಣ ಬೆಳಕು. ಬಣ್ಣದ ಅಣು ಬೆಳಕನ್ನು ಹೀರಿಕೊಂಡಾಗ ಆ ಶಕ್ತಿಯಿಂದ ಅದರ ಬಂಧಗಳು ಕೆಲವೊಮ್ಮೆ ಮುರಿಯುತ್ತವೆ. ಮುರಿದ ಅಣು ಬಣ್ಣವನ್ನು ಕಳೆದುಕೊಳ್ಳುತ್ತದೆ. ಇಲ್ಲಿ ನೆನಪಿಡಬೇಕಾದ ಸಂಗತಿಯೊಂದುಂಟು: ಹಾನಿಯು ಬೆಳಕಿನ ತೀಕ್ಷ್ಣತೆಯನ್ನು ಮಾತ್ರವಲ್ಲದೆ ಕಾಲವನ್ನೂ ಅವಲಂಬಿಸಿದೆ. ಎರಡರ ಗುಣಲಬ್ಧವೇ ಹಾನಿಯ ಅಳತೆ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ಬೇಗ ಮಾಸುವ ಕಾಗದದ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕನ್ನು ಮಾತ್ರ ಕೊಡುತ್ತವೆ. ದಿನಕ್ಕೆ 8 ಗಂಟೆಯಂತೆ 365 ದಿನ ತೋರಿಸಿದರೆ ವರ್ಷಕ್ಕೆ 1,46,000 ಲಕ್ಸ್-ಗಂಟೆಯಾಯಿತು. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಎಂದರೆ, ಕಿಟಕಿಯ ಬಳಿ ಬಿಸಿಲಿಗೆ ಬಿದ್ದ ಕಾರ್ಟ್ರಿಜ್ ಸುಮಾರು ಒಂದೂವರೆ ಗಂಟೆಯಲ್ಲಿ, ಸಂಗ್ರಹಾಲಯದಲ್ಲಿ ವರ್ಷವಿಡೀ ಉಣ್ಣುವಷ್ಟು ಬೆಳಕನ್ನು ಉಣ್ಣುತ್ತದೆ! ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಈ ಲೆಕ್ಕಕ್ಕೆ ಹಿಡಿದೇ ಇಲ್ಲ. ಮಾಸಿದ ಬಣ್ಣವನ್ನು ಕತ್ತಲೆಯಲ್ಲಿಟ್ಟು ವಿಶ್ರಾಂತಿ ಕೊಟ್ಟರೆ ಅದು ಚೇತರಿಸಿಕೊಳ್ಳುವುದಿಲ್ಲ. ಬೆಳಕು ಮಾಡಿದ ಖರ್ಚು ಖರ್ಚೇ. ಜಮೆಯ ಮಾತೇ ಇಲ್ಲ.

ಊದಿದರೆ ಉಪಯೋಗವೇ?

ಆಟ ಪರದೆಯ ಮೇಲೆ ಮೂಡದಿದ್ದಾಗ ಕಾರ್ಟ್ರಿಜ್ ಹೊರತೆಗೆದು ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು ಲೋಕವೆಲ್ಲ ಬಲ್ಲ ಉಪಾಯ. ನಮ್ಮ ನಾಡಿನ ಮಕ್ಕಳೂ ಇದನ್ನು ಮಾಡಿದವರೇ. ಊದಿದ ಮೇಲೆ ಆಟ ನಡೆದದ್ದೂ ಉಂಟು. ಹಾಗಾದರೆ ಕೆಲಸ ಮಾಡಿದ್ದು ಉಸಿರೆ?

ಸಂಪರ್ಕದ ಹಲ್ಲುಗಳು ತಾಮ್ರದವು. ಅವುಗಳ ಮೇಲೆ ಸಾಮಾನ್ಯವಾಗಿ ನಿಕ್ಕಲಿನ ಪದರ, ಅದರ ಮೇಲೆ ಚಿನ್ನದ ಅತಿ ತೆಳುವಾದ ಲೇಪ. ಚಿನ್ನಕ್ಕೆ ತುಕ್ಕಿಲ್ಲ ನಿಜ. ಆದರೆ ಲೇಪ ತೆಳುವಾದಷ್ಟೂ ಅದರಲ್ಲಿ ಸೂಕ್ಷ್ಮರಂಧ್ರಗಳು ಹೆಚ್ಚು. ಅವುಗಳ ಮೂಲಕ ತೇವ ಒಳಹೊಕ್ಕು ಕೆಳಗಣ ಲೋಹವನ್ನು ಕೆಡಿಸುತ್ತದೆ. ಕಾರ್ಟ್ರಿಜ್ಜನ್ನು ತೆಗೆದು ಮತ್ತೆ ಸಿಕ್ಕಿಸುವಾಗ ಹಲ್ಲುಗಳು ಯಂತ್ರದ ಸ್ಪ್ರಿಂಗುಗಳಿಗೆ ಉಜ್ಜಿ ಮೇಲಿನ ಕಿಲುಬು ಸವೆಯುತ್ತದೆ, ಸಂಪರ್ಕ ಕೂಡುತ್ತದೆ. ಕೆಲಸ ಮಾಡಿದ್ದು ಮುಖ್ಯವಾಗಿ ಈ ಉಜ್ಜುವಿಕೆ. ಹೊಗಳಿಕೆ ಬಂದದ್ದು ಉಸಿರಿಗೆ. ಉಸಿರಾದರೋ ನೀರಾವಿಯಿಂದ ತುಂಬಿದ್ದು, ಎಂಜಲಿನ ಕಣಗಳನ್ನೂ ಹೊತ್ತದ್ದು. ಇಂದು ಆಟ ನಡೆಯಿತೆಂಬ ಸಂತೋಷಕ್ಕೆ ನಾಳೆಯ ಕಿಲುಬೇ ಬೆಲೆ.

ಶುಚಿಮಾಡಬೇಕಾದಾಗ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹಲ್ಲುಗಳನ್ನು ಮಾತ್ರ ಮೆಲ್ಲನೆ ಒರೆಸಿ ಪೂರ್ತಿ ಆರಲು ಬಿಡಬೇಕು. ಆ ದ್ರವ ಚೀಟಿಗಾಗಲಿ ಕವಚಕ್ಕಾಗಲಿ ತಗಲಬಾರದು. ಮರಳುಕಾಗದ, ಒರಟು ರಬ್ಬರು ಮುಂತಾದವು ಕಿಲುಬಿನ ಜೊತೆಗೆ ಚಿನ್ನವನ್ನೂ ಕೆರೆದುಬಿಡುತ್ತವೆ.

ಮೂರು ಬಗೆಯ ನೆನಪು

ಇನ್ನು ಆಟದ ಜೀವವೇ ಆದ ಚಿಪ್‌ಗೆ ಬರೋಣ. ಅಂಗಡಿಯಲ್ಲಿ ಮಾರಾಟವಾದ ಹಳೆಯ ಕಾರ್ಟ್ರಿಜ್‌ಗಳಲ್ಲಿ ಬಹುಪಾಲು 'ಮಾಸ್ಕ್ ರಾಮ್' ಎಂಬ ಬಗೆಯ ಚಿಪ್ ಉಳ್ಳವು. ಇದರಲ್ಲಿ ಮಾಹಿತಿ ಚಿಪ್ ತಯಾರಾಗುವಾಗಲೇ ಅದರ ರಚನೆಯಲ್ಲಿ ಮೂಡುತ್ತದೆ. ಇದು ಶಿಲಾಶಾಸನದ ಹಾಗೆ. ಕಲ್ಲು ಇರುವ ತನಕ ಅಕ್ಷರವಿರುತ್ತದೆ.

ಎರಡನೆಯದು 'ಇಪ್ರಾಮ್'. ಆಟ ಸಿದ್ಧವಾಗುವ ಮೊದಲು ಪರೀಕ್ಷೆಗಾಗಿ ಮಾಡಿದ ಮಾದರಿ ಕಾರ್ಟ್ರಿಜ್‌ಗಳಲ್ಲಿ ಇದನ್ನು ಬಳಸುತ್ತಿದ್ದರು. ಇದರಲ್ಲಿ ಮಾಹಿತಿ ಎಂಬುದು ನಿರೋಧಕದ ನಡುವೆ ಸೆರೆಹಿಡಿದ ವಿದ್ಯುದಂಶ. ಮಣ್ಣಿನ ಮಡಕೆಯ ನೀರಿನಂತೆ ಅದು ವರ್ಷಗಳ ಮೇಲೆ ಮೆಲ್ಲಮೆಲ್ಲನೆ ಜಿನುಗಿ ಹೋಗುತ್ತದೆ. ಚಿಪ್‌ನ ನೆತ್ತಿಯ ಗಾಜಿನ ಕಿಟಕಿಯ ಮೇಲೆ ಅತಿನೇರಳೆ ಬೆಳಕು ಬಿದ್ದರೆ ಬೇಗನೆ ಅಳಿಸಿಯೇ ಹೋಗುತ್ತದೆ. ಎಂದೂ ಮಾರುಕಟ್ಟೆಗೆ ಬಾರದ ಆಟವೊಂದರ ಏಕೈಕ ಪ್ರತಿ ಇಂತಹ ಚಿಪ್‌ನಲ್ಲಿರಬಹುದು. ಅದನ್ನು ಓದಿ ಪ್ರತಿಮಾಡಿಕೊಳ್ಳದೆ ಕಪಾಟಿನಲ್ಲಿಟ್ಟು ಮೆರೆಸಿದರೆ, ಒಂದು ದಿನ ಪೆಟ್ಟಿಗೆ ಉಳಿದಿರುತ್ತದೆ, ಆಟ ಇರುವುದಿಲ್ಲ.

ಮೂರನೆಯದು ಆಟಗಾರನ ಸಾಧನೆಯನ್ನು ಬರೆದಿಡುವ ಚಿಪ್. 1987ರಲ್ಲಿ ಅಮೆರಿಕದಲ್ಲಿ ಕಾರ್ಟ್ರಿಜ್ ರೂಪದಲ್ಲಿ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ' ಇದಕ್ಕೆ ಹೆಸರಾದ ಉದಾಹರಣೆ. ಈ ಚಿಪ್‌ನ ನೆನಪು ವಿದ್ಯುತ್ ಇರುವವರೆಗೆ ಮಾತ್ರ. ಯಂತ್ರ ಆರಿದಾಗಲೂ ವಿದ್ಯುತ್ ಒದಗಲೆಂದು ಪೆಟ್ಟಿಗೆಯೊಳಗೆ ನಾಣ್ಯದಾಕಾರದ 3 ವೋಲ್ಟಿನ ಲಿಥಿಯಮ್ ಬ್ಯಾಟರಿ ಇರುತ್ತದೆ. ಅದರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಳ್ಳೋಣ. ಚಿಪ್ ಒಂದು ಮೈಕ್ರೊಆಂಪಿಯರ್ ಎಳೆದರೆ ಬ್ಯಾಟರಿ 2,20,000 ಗಂಟೆ, ಎಂದರೆ ಸುಮಾರು 25 ವರ್ಷ ಬಾಳುತ್ತದೆ. ಎರಡು ಮೈಕ್ರೊಆಂಪಿಯರ್ ಎಳೆದರೆ ಹನ್ನೆರಡೂವರೆ ವರ್ಷ. 1999ರ 'ಪೋಕೆಮಾನ್ ಗೋಲ್ಡ್' ಮತ್ತು 'ಸಿಲ್ವರ್' ಕಾರ್ಟ್ರಿಜ್‌ಗಳಲ್ಲಿ ಇದೇ ಬಗೆಯ ಬ್ಯಾಟರಿ ಒಂದು ಗಡಿಯಾರವನ್ನೂ ನಡೆಸಬೇಕಾಗಿತ್ತು. ಆದ್ದರಿಂದ ಅವು ಹಿಂದಿನವಕ್ಕಿಂತ ಬೇಗ ಬರಿದಾದವು. ಬ್ಯಾಟರಿ ಸತ್ತರೂ ಆಟ ನಡೆಯುತ್ತದೆ. ಆದರೆ ಎಂದೋ ಒಬ್ಬ ಹುಡುಗಿ ತನ್ನ ಹೆಸರು ಬರೆದು ತಿಂಗಳುಗಟ್ಟಲೆ ಆಡಿ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಇದನ್ನು ಮೊದಲೇ ಗಣಕಯಂತ್ರಕ್ಕೆ ಪ್ರತಿಮಾಡುವ ಸಾಧನಗಳಿವೆ. ಬ್ಯಾಟರಿ ಬದಲಿಸುವ ಕೆಲಸವನ್ನು ಬೆಸುಗೆ ಬಲ್ಲವರಿಗೇ ಬಿಡಬೇಕು. ಲಿಥಿಯಮ್ ಬ್ಯಾಟರಿಗೆ ನೇರವಾಗಿ ಕಾವು ಕೊಟ್ಟರೆ ಅದು ಸಿಡಿಯಬಹುದು.

ಮರುಭೂಮಿಯ ಪಾಠ

ಸಂಗ್ರಹಣೆಯ ವಿಷಯದಲ್ಲಿ ಒಂದು ವಿಚಿತ್ರ ಪ್ರಯೋಗ ತಾನಾಗಿಯೇ ನಡೆದಿದೆ. 1983ರಲ್ಲಿ ಅಮೆರಿಕದ ವಿಡಿಯೋ ಆಟದ ಉದ್ಯಮ ನೆಲಕಚ್ಚಿದಾಗ ಅಟಾರಿ ಸಂಸ್ಥೆಯು ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ಸಾಗಿಸಿ ನ್ಯೂ ಮೆಕ್ಸಿಕೊ ರಾಜ್ಯದ ಆಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು. 2014ರ ಏಪ್ರಿಲ್ 26ರಂದು ಅದನ್ನು ಅಗೆದಾಗ ಸುಮಾರು 1,300 ಕಾರ್ಟ್ರಿಜ್‌ಗಳನ್ನು ಹೊರತೆಗೆದರು. ಮೂವತ್ತು ವರ್ಷ ಕಸದಡಿ ನಜ್ಜುಗುಜ್ಜಾಗಿದ್ದರೂ ಕಾಗದದ ಹೊರಪೆಟ್ಟಿಗೆಗಳ ಚಿತ್ರಗಳನ್ನು ಗುರುತಿಸಬಹುದಾಗಿತ್ತು. ಕತ್ತಲೆ ಮತ್ತು ಒಣಹವೆಗಳ ಗುಣ ಅದು. ಅವುಗಳಲ್ಲೊಂದು 'ಇ.ಟಿ.' ಆಟದ ಕಾರ್ಟ್ರಿಜ್ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಕಸವೆಂದು ಹೂಳಿದ್ದು ಒಂದೇ ತಲೆಮಾರಿನಲ್ಲಿ ಇತಿಹಾಸದ ಸಾಕ್ಷಿಯಾಯಿತು.

ಇಡುವ ಕ್ರಮ

ಇಷ್ಟನ್ನು ತಿಳಿದ ಮೇಲೆ ನಿಯಮಗಳು ತಾವಾಗಿಯೇ ಹೊರಡುತ್ತವೆ. ಸಂಗ್ರಹವನ್ನು ತಂಪಾದ, ಕತ್ತಲೆಯ, ಒಣಗಿದ ಸ್ಥಳದಲ್ಲಿಡಬೇಕು. ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 40ರಿಂದ 50ರ ಸಾಪೇಕ್ಷ ಆರ್ದ್ರತೆ ಉತ್ತಮ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಆರ್ದ್ರತೆ ಶೇಕಡ 80ನ್ನು ಮೀರುತ್ತದೆ; ಅಲ್ಲಿ ಬಿಗಿಯಾದ ಮುಚ್ಚಳದ ಡಬ್ಬಿಯೂ ಒಳಗೆ ಸಿಲಿಕಾ ಜೆಲ್ ಪೊಟ್ಟಣವೂ ಬೇಕು. ಅಟ್ಟವೂ ಹಂಚಿನಡಿಯ ಜಾಗವೂ ಬೇಡ. ಅಲ್ಲಿ ಬೇಸಗೆಯ ಕಾವು ಹೆಚ್ಚು. ಹವಾನಿಯಂತ್ರಿತ ಕೊಠಡಿಯಿಂದ ಹೊರತಂದ ಡಬ್ಬಿಯನ್ನು ತಟ್ಟನೆ ತೆರೆದರೆ ತಣ್ಣನೆಯ ಲೋಹದ ಮೇಲೆ ಮಂಜು ಕಟ್ಟುತ್ತದೆ. ಹೊರಗಿನ ಉಷ್ಣತೆಗೆ ಬರುವ ತನಕ ಕಾಯಬೇಕು.

ಕಾರ್ಟ್ರಿಜ್‌ಗಳನ್ನು ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸುವುದು ಒಳ್ಳೆಯದು. ಒಂದರ ಮೇಲೊಂದು ಪೇರಿಸಿದರೆ ಚೀಟಿಗಳು ತರಚುತ್ತವೆ. ಮೃದುವಾದ ಪಿವಿಸಿ ಚೀಲಗಳು ಕಾಲಕ್ರಮದಲ್ಲಿ ಎಣ್ಣೆಯಂತಹ ದ್ರವ್ಯವನ್ನು ಹೊರಸೂಸುವುದರಿಂದ ಪಾಲಿಪ್ರೊಪಿಲೀನ್ ಹೊದಿಕೆ ಮೇಲು. ರಬ್ಬರ್ ಬ್ಯಾಂಡ್ ಕೂಡದು. ಕ್ರಮಸಂಖ್ಯೆಯನ್ನು ಕಾರ್ಟ್ರಿಜ್ ಮೇಲೆ ಅಂಟಿಸದೆ ಹೊದಿಕೆಯೊಳಗಿನ ಕಾಗದದ ತುಂಡಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು.

ಪ್ರದರ್ಶನಕ್ಕೆ ಬಿಸಿಲು ಬೀಳದ ಗೋಡೆಯನ್ನು ಆರಿಸಿ, ಮಂದವಾದ ಎಲ್‌ಇಡಿ ದೀಪವನ್ನು ನೋಡುವವರು ಬಂದಾಗ ಮಾತ್ರ ಹೊತ್ತಿಸಬೇಕು. ಸಂಗ್ರಹವನ್ನೆಲ್ಲ ಒಮ್ಮೆಲೇ ತೋರಿಸುವ ಬದಲು ನಾಲ್ಕು ಪಾಲು ಮಾಡಿ ಪ್ರತಿಯೊಂದು ಪಾಲನ್ನೂ ಮೂರು ಮೂರು ತಿಂಗಳು ಹೊರಗಿಟ್ಟರೆ, ಯಾವ ಕಾರ್ಟ್ರಿಜ್ಜೂ ವರ್ಷದ ಕಾಲುಭಾಗಕ್ಕಿಂತ ಹೆಚ್ಚು ಬೆಳಕು ಕಾಣುವುದಿಲ್ಲ. ಕಪಾಟು ಬರಿದಾಗಿರುವುದಿಲ್ಲ, ಹಾನಿ ನಾಲ್ಕರಲ್ಲೊಂದು ಪಾಲಾಗುತ್ತದೆ. ತೀರ ಅಪೂರ್ವವಾದುದಕ್ಕೆ ಬದಲಾಗಿ ಅದರ ಛಾಯಾಚಿತ್ರವನ್ನಿಟ್ಟರೂ ನಷ್ಟವಿಲ್ಲ.

ಆಟದ ಪೆಟ್ಟಿಗೆಗಳಿಗೆ ಇಷ್ಟೊಂದು ಉಪಚಾರವೇಕೆ ಎಂದು ಕೆಲವರು ಕೇಳಬಹುದು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯದಾಗಿದ್ದವು. ಅಂತಹ ಆಟಗಳಲ್ಲಿ ಎಷ್ಟೋ ಉಳಿದಿರುವುದು ಹಳೆಯ ಕಾರ್ಟ್ರಿಜ್‌ಗಳಲ್ಲಿ. 40 ಕಿಲೋಬೈಟ್‌ಗಳಲ್ಲಿ ಒಂದು ಲೋಕವನ್ನು ಕಟ್ಟಿದವರ ಜಾಣ್ಮೆಯನ್ನು ಮುಂದಿನವರು ಅರಿಯಬೇಕಾದರೆ ಅವು ಉಳಿಯಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅಂತಹ ಹಳೆಯ 'ಕ್ಯಾಸೆಟ್' ಬಿದ್ದಿದ್ದರೆ ಅದನ್ನು ಕೆಳಗಿಳಿಸಿ ಧೂಳೊರೆಸಿ, ಬಿಸಿಲಿಂದಲೂ ತೇವದಿಂದಲೂ ದೂರವಿಡಲಿ. ಊದುವುದನ್ನು ಮಾತ್ರ ಬಿಡಲಿ.