ಗೋಪುರ ದಾಟಿದ ಆಟಗಾರರ ಬೆಲೆ

ಸಾವಿರ ಜಟ್ಟಿಗಳು! ವಿಜಯನಗರದ ಅರಸ ಹಬ್ಬದ ಕುಸ್ತಿಗೆಂದೇ ಇಟ್ಟುಕೊಂಡಿದ್ದ ಮಲ್ಲರ ಲೆಕ್ಕವಿದು. ಬರೆದಿಟ್ಟವನು 1530ರ ದಶಕದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಸ್. ಅವರಿಗೊಬ್ಬ ನಾಯಕನಿದ್ದ. ರಾಜ್ಯದಲ್ಲಿ ಅವರು ಬೇರಾವ ಚಾಕರಿಯನ್ನೂ ಮಾಡಬೇಕಿರಲಿಲ್ಲ. ಮೈತುಂಬ ಪೆಟ್ಟು ತಿಂದದ್ದಕ್ಕೆ ಸಿಗುತ್ತಿದ್ದ ಬಹುಮಾನ ಒಂದು ರೇಷ್ಮೆ ವಸ್ತ್ರ.

ಇಂದಿನ ಆಟಗಾರರ ಬೆಲೆ ಅಳೆಯಲು ಹತ್ತು ರೂಪಾಯಿಯ ನಾಣ್ಯ ಹಿಡಿಯೋಣ. ಅದರ ದಪ್ಪ 1.77 ಮಿಲಿಮೀಟರ್. ಒಂದರ ಮೇಲೊಂದು ಪೇರಿಸುತ್ತ ಹೋಗೋಣ; ಪಕ್ಕದಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಒಂಬತ್ತು ಅಂತಸ್ತಿನ ಗೋಪುರವಿರಲಿ. ಅದರ ಎತ್ತರ ಸುಮಾರು 50 ಮೀಟರ್.

2014ರಲ್ಲಿ ಪ್ರೊ ಕಬಡ್ಡಿಯ ಮೊದಲ ಹರಾಜು. ಪಟ್ನಾ ತಂಡ ರಾಕೇಶ್ ಕುಮಾರ್ ಅವರನ್ನು 12.80 ಲಕ್ಷಕ್ಕೆ ಕೊಂಡಾಗ ದೇಶ ಹುಬ್ಬೇರಿಸಿತ್ತು. ನಾಣ್ಯ ಪೇರಿಸಿದರೆ ನಾಲ್ಕೂವರೆ ಗೋಪುರ. 2018ರಲ್ಲಿ ಮೋನು ಗೋಯತ್ 1.51 ಕೋಟಿ! ಕಂಬವನ್ನು ಅಡ್ಡ ಮಲಗಿಸಿದರೆ 2.67 ಕಿಲೋಮೀಟರ್; ಹೊಸಪೇಟೆಯ ಟಿ.ಬಿ. ಡ್ಯಾಮಿಗಿಂತ ಉದ್ದ. ಕೊಂಡದ್ದು ಹರಿಯಾಣ ಸ್ಟೀಲರ್ಸ್. ಹೆಸರು ಹರಿಯಾಣದ್ದು, ಒಡೆತನ ಜೆಎಸ್‌ಡಬ್ಲ್ಯು ಬಳಗದ್ದು. ಆ ಬಳಗದ ದೈತ್ಯ ಉಕ್ಕಿನ ಕಾರ್ಖಾನೆ ಇರುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ. ಅಲ್ಲೇ ಅದೇ ವರ್ಷ ಕುಸ್ತಿ, ಬಾಕ್ಸಿಂಗ್, ಜೂಡೊ ಕಲಿಸುವ ಕ್ರೀಡಾಸಂಸ್ಥೆಯೂ ಬಾಗಿಲು ತೆರೆಯಿತು. ಜಟ್ಟಿಗಳ ಸೀಮೆಗೆ ಕುಸ್ತಿ ಮರಳಿದ್ದು ನನಗಂತೂ ಬಲು ಹಿಗ್ಗಿನ ಸಂಗತಿ.

ಇನ್ನು ಪವನ್ ಸೆಹ್ರಾವತ್. ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟ ಈ ರೈಡರ್‌ಗೆ 2022ರಲ್ಲಿ ತಮಿಳ್ ತಲೈವಾಸ್ ಕೊಟ್ಟದ್ದು 2.26 ಕೋಟಿ. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು, ಆ ಋತುವೇ ಮುಗಿಯಿತು. ಬೆಲೆ ಬಿತ್ತೇ? ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿ ಸುರಿಯಿತು! 92 ಗೋಪುರ. ಒಂಬತ್ತೇ ವರ್ಷದಲ್ಲಿ ಕಬಡ್ಡಿಯ ಗರಿಷ್ಠ ಬೆಲೆ 20 ಪಟ್ಟು.

ಕ್ರಿಕೆಟ್ಟಿನ ಮುಂದೆ ಇದೂ ಕುಳ್ಳು. 2024ರ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್‌ಗೆ ಲಖನೌ ತಂಡ ಕೊಟ್ಟದ್ದು 27 ಕೋಟಿ. ನಾಣ್ಯದ ಸಾಲು 47 ಕಿಲೋಮೀಟರ್ ಮೀರುತ್ತದೆ: ಹೊಸಪೇಟೆಯಿಂದ ಹಂಪಿಗೆ ಹೋಗಿ, ವಾಪಸು ಬಂದು, ಮತ್ತೊಮ್ಮೆ ಹಂಪಿ ಮುಟ್ಟಿದರೂ ನಾಣ್ಯ ಮುಗಿಯುವುದಿಲ್ಲ.

ಇವರೆಲ್ಲ ವೃತ್ತಿಪರರು. ಅಮೆರಿಕದ ಕಾಲೇಜು ಹುಡುಗರತ್ತ ನೋಡಿ! 2021ರ ಜೂನ್‌ವರೆಗೆ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಆಟಗಾರ ತನ್ನ ಹೆಸರು, ಮುಖ ಬಳಸಿ ದುಡಿದರೆ ಅದೇ ಅಪರಾಧ. ಈಗ ಕಾಲೇಜು ಬದಲಿಸುವುದಂತೂ ಜಾತ್ರೆ. 2025ರ ಒಂದೇ ವಸಂತದಲ್ಲಿ ಅಗ್ರಶ್ರೇಣಿಯ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ವರ್ಗಾವಣೆಗೆ ಹೆಸರು ಕೊಟ್ಟವರು 2,000ಕ್ಕೂ ಹೆಚ್ಚು. ವಿಜಯನಗರದ ಮಲ್ಲರಿಗಿಂತ ಎರಡು ಪಟ್ಟು ಮಂದಿ! ತಂಡಗಳು 360ರ ಆಸುಪಾಸು. ಅಂದರೆ ಪ್ರತಿ ತಂಡದಿಂದ ಸರಾಸರಿ ಐವರಿಗೂ ಹೆಚ್ಚು. ಅಂಕಣದಲ್ಲಿ ಒಂದು ಬದಿಗೆ ಆಡುವವರೇ ಐವರು!

ಆಟಗಾರರು ಹೂಡಿದ್ದ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜೊಂದು ತನ್ನ ಎಲ್ಲ ಆಟಗಾರರಿಗೆ ಸೇರಿ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಡಾಲರಿಗೆ 85 ರೂಪಾಯಿಯಂತೆ 174 ಕೋಟಿ. ಪೇರಿಸಿದರೆ 308 ಕಿಲೋಮೀಟರ್! ಗೋಪುರದ ಲೆಕ್ಕ 6,000 ದಾಟಿತು. ಎವರೆಸ್ಟ್ ಆದರೆ ಸುಮಾರು 35 ಬೇಕು.

ಅದೇ ರಾಜಿಯಲ್ಲಿ, 2016ರಿಂದೀಚೆಗೆ ಆಡಿದವರಿಗೆ ಹತ್ತು ವರ್ಷಗಳಲ್ಲಿ ತೀರಿಸಬೇಕಾದ ಮೊತ್ತ 280 ಕೋಟಿ ಡಾಲರ್. ನಮ್ಮ ಹಣದಲ್ಲಿ 23,800 ಕೋಟಿ ರೂಪಾಯಿ. ನಾಣ್ಯದ ಸಾಲು 42,000 ಕಿಲೋಮೀಟರ್! ಸಮಭಾಜಕ ವೃತ್ತದಲ್ಲಿ ಭೂಮಿಯ ಸುತ್ತಳತೆಯೇ 40,075. ಇಡೀ ಭೂಮಿಗೆ ಒಂದು ಸುತ್ತು ಹಾಕಿ 2,000 ಕಿಲೋಮೀಟರ್ ಮಿಗುತ್ತದೆ. ಇದು ಬರೀ ಹಳೆ ಬಾಕಿ. ವರ್ಷವರ್ಷವೂ ಹೊಸದಾಗಿ ಹಂಚುವ ಹಣದ ಕಂಬ ಒಂದೊಂದು ಕಾಲೇಜಿನಲ್ಲೂ ಬೇರೆಯೇ ಏಳುತ್ತದೆ.