ರೋಮಿನಲ್ಲಿ ದೈವಶಾಸ್ತ್ರದ ಮೊದಲ ಪದವಿ: ಹೊರನಾಡಿನ ವಿದ್ಯಾರ್ಥಿ ಅರಿಯಬೇಕಾದದ್ದು

ದೈವಶಾಸ್ತ್ರದ ಮೊದಲ ಪದವಿಯನ್ನೇ ರೋಮಿನಲ್ಲಿ ಪಡೆಯಬಹುದೇ ಎಂಬ ಪ್ರಶ್ನೆ ನಮ್ಮ ಗುರುವಿದ್ಯಾರ್ಥಿಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಪಡೆಯಬಹುದು. ಆದರೆ ಅಲ್ಲಿನ ವ್ಯವಸ್ಥೆಯನ್ನು ಅರಿಯದೆ ಹೊರಟವರಿಗೆ ಮೊದಲ ವರ್ಷವೇ ಹೊರಲಾಗದ ಹೊರೆಯಾದೀತು.

ಧರ್ಮಸಭೆಯ ವಿಶ್ವವಿದ್ಯಾಲಯಗಳಿಗೆ ಇಂದು ಆಧಾರವಾಗಿರುವುದು ಪೋಪ್ ಫ್ರಾನ್ಸಿಸ್‌ರವರು 2017ರಲ್ಲಿ ನೀಡಿದ ‘ವೆರಿತಾತಿಸ್ ಗೌದಿಯುಂ’ ಪ್ರೇಷಿತ ಸಂವಿಧಾನ. ಅದರಂತೆ ವ್ಯಾಸಂಗಕ್ಕೆ ಬ್ಯಾಚುಲರ್, ಲೈಸೆನ್ಷಿಯೇಟ್, ಡಾಕ್ಟರೇಟ್ ಎಂಬ ಮೂರು ಹಂತಗಳಿವೆ. ಮೊದಲ ಹಂತಕ್ಕೆ 5 ವರ್ಷ. ಎರಡು ವರ್ಷದ ತತ್ತ್ವಶಾಸ್ತ್ರವನ್ನು ಮುಗಿಸಿ ಬಂದವರಿಗೆ 3 ವರ್ಷ. ಆದರೆ ಪದವಿಯೇ ಗುರುದೀಕ್ಷೆಯ ಸಿದ್ಧತೆಯಲ್ಲ. ಧರ್ಮಸಭಾ ಕಾನೂನಿನ 250ನೇ ವಿಧಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳಿಗೆ ಒಟ್ಟು 6 ಪೂರ್ಣ ವರ್ಷಗಳನ್ನು ಕೇಳುತ್ತದೆ. ಐದು ವರ್ಷದ ಪದವಿಯ ನಂತರ ಪಾಲನಾ ಸೇವೆಯ ತರಬೇತಿಗೆ ಇನ್ನೊಂದು ವರ್ಷ ಬೇಕೆಂಬುದನ್ನು ಹಲವರು ಮರೆಯುತ್ತಾರೆ.

ವಿಶ್ವಾಸಪೀಠವು 2003ರಲ್ಲಿ ಯೂರೋಪಿನ ಬೊಲೋನಾ ಒಪ್ಪಂದಕ್ಕೆ ಸೇರಿದ್ದರಿಂದ ಅಲ್ಲಿ ಓದಿನ ಅಳತೆ ಕ್ರೆಡಿಟ್. ವರ್ಷಕ್ಕೆ 60, ಮೂರು ವರ್ಷಕ್ಕೆ 180. ಒಂದು ಕ್ರೆಡಿಟ್ ಎಂದರೆ ಸುಮಾರು 25 ಗಂಟೆಗಳ ಶ್ರಮ. ತರಗತಿಯಲ್ಲಿ ಕುಳಿತ ಸಮಯ ಅದರ ಒಂದು ಪಾಲು ಮಾತ್ರ. ಉಳಿದದ್ದು ಸ್ವಂತ ಓದು, ಬರಹ. ಉಪನ್ಯಾಸದ ಟಿಪ್ಪಣಿಯನ್ನು ಬಾಯಿಪಾಠ ಮಾಡಿ ಬೆಳೆದವರು ಇಲ್ಲಿಯೇ ಎಡವುತ್ತಾರೆ. ಪರೀಕ್ಷೆಗಳಲ್ಲಿ ಅನೇಕವು ಮೌಖಿಕ. ಪ್ರಾಧ್ಯಾಪಕರ ಎದುರು ಕುಳಿತು ತ್ರಿತ್ವದ ರಹಸ್ಯವನ್ನು ಇಟಾಲಿಯನ್ ಭಾಷೆಯಲ್ಲಿ ವಿವರಿಸಬೇಕು.

ಪ್ರವೇಶಕ್ಕೆ, ಸ್ವದೇಶದಲ್ಲಾಗಲಿ ಆ ವಿದ್ಯಾಪೀಠವಿರುವ ದೇಶದಲ್ಲಾಗಲಿ ವಿಶ್ವವಿದ್ಯಾಲಯ ಸೇರಲು ಬೇಕಾದ ಅರ್ಹತೆ ಇರಬೇಕು. ಗುರುವಿದ್ಯಾರ್ಥಿಗೆ ಧರ್ಮಾಧ್ಯಕ್ಷರ ಅಥವಾ ಮಠಾಧಿಪತಿಗಳ ಅನುಮತಿ ಪತ್ರ, ವಾಸ, ಊಟ, ಚಿಕಿತ್ಸೆಯ ವೆಚ್ಚವನ್ನು ಯಾರು ಭರಿಸುವರೆಂಬ ಲಿಖಿತ ಭರವಸೆ, ವೀಸಾ ಇವೆಲ್ಲ ಅಗತ್ಯ. ಇಟಲಿಗೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ನಿವಾಸ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ಈ ನಿಯಮಗಳ ನಡುವೆ ಒಂದು ಮಾತು ನಮ್ಮ ಮನ ತಟ್ಟುತ್ತದೆ: ದಾಖಲೆಗಳಿಲ್ಲದ ನಿರಾಶ್ರಿತರನ್ನು ಸೇರಿಸಿಕೊಳ್ಳುವ ಬಗೆಯನ್ನು ಪ್ರತಿ ವಿದ್ಯಾಪೀಠವೂ ತನ್ನ ನಿಬಂಧನೆಗಳಲ್ಲಿ ನಿಗದಿಪಡಿಸಬೇಕೆಂದು ಅದೇ ಸಂವಿಧಾನ ವಿಧಿಸಿದೆ. ಬಾಗಿಲಿಗೆ ಅಗುಳಿಯಿದ್ದರೂ, ಪರದೇಶಿಗೆ ಅದು ತೆರೆಯಬೇಕೆಂಬುದೂ ಇಲ್ಲಿ ಕಾನೂನೇ.

ಹಾಗಾದರೆ ಹೋಗಬೇಕೇ? ಇದೇ ಪದವಿಯನ್ನು ಬೆಂಗಳೂರಿನ ಸಂತ ಪೇತ್ರರ ಪೊಂಟಿಫಿಕಲ್ ಸಂಸ್ಥೆಯೂ ಧರ್ಮಾರಾಮ್ ವಿದ್ಯಾಕ್ಷೇತ್ರವೂ ನೀಡುತ್ತವೆ. ವಿದ್ಯಾಪೀಠಕ್ಕೆ ಸಂಯೋಜಿತವಾದ ಗುರುಮಠದಲ್ಲಿ ಓದಿಯೂ ಅದನ್ನು ಪಡೆಯಬಹುದು. ಮೊದಲ ಹಂತದ ಕೆಲಸ ವಿಶ್ವಾಸದ ಇಡೀ ನೋಟವನ್ನು ಕಟ್ಟಿಕೊಡುವುದು. ವಿಶೇಷ ಪರಿಣತಿ ಎರಡನೆಯದರ ಪಾಲು. ಆ ನೋಟವು ಯಾವ ಭಾಷೆಯಲ್ಲಿ ಮೂಡುವುದೋ ಆ ಭಾಷೆಯಲ್ಲೇ ಗುರುವಿನ ಪ್ರಬೋಧನೆಯೂ ಹುಟ್ಟುತ್ತದೆ. ಗುರುವಿದ್ಯಾರ್ಥಿಗಳು ಮಾತೃಭಾಷೆಯನ್ನು ಚೆನ್ನಾಗಿ ಕಲಿಯಬೇಕೆಂದು 249ನೇ ವಿಧಿ ಹೇಳುವುದು ಸುಮ್ಮನೆ ಅಲ್ಲ. ಕೃಪೆ, ಅವತಾರ, ರಕ್ಷಣೆ ಎಂಬ ಪದಗಳನ್ನು ಕನ್ನಡದಲ್ಲಿ ಒಮ್ಮೆಯೂ ತೂಗಿ ನೋಡದವನು ಸಾವಿನ ಮನೆಯಲ್ಲಿ ಅಳುತ್ತಿರುವ ತಾಯಿಗೆ ಪುನರುತ್ಥಾನವನ್ನು ಹೇಗೆ ಸಾರಿಯಾನು?

ಆದ್ದರಿಂದ ಸಾಮಾನ್ಯವಾಗಿ ಮೊದಲ ಹಂತ ಇಲ್ಲಿ, ಎರಡನೆಯದು ಅಲ್ಲಿ ಎಂಬುದು ನಮ್ಮ ಸಲಹೆ. ಧರ್ಮಾಧ್ಯಕ್ಷರು ಮೊದಲ ಹಂತಕ್ಕೇ ಕಳುಹಿಸಿದರೆ ಸಂತೋಷದಿಂದ ಹೋಗಿರಿ. ತರಗತಿ ಆರಂಭವಾಗುವ ಮುನ್ನ ಇಟಾಲಿಯನ್ ಕಲಿಯಿರಿ, ಪ್ರತಿ ಭಾನುವಾರ ಒಂದು ಪುಟ ಪ್ರಬೋಧನೆಯನ್ನು ಕನ್ನಡದಲ್ಲಿ ಬರೆಯಿರಿ. ಹಿಂತಿರುಗಿದಾಗ ಜನರು ನಿಮ್ಮಿಂದ ಕೇಳಬಯಸುವುದು ಅದನ್ನೇ.