‘ಬೇಡ’ ಎಂದರೆ ಬೇಡವೇ ಆಗುವ ನಾಡಿನಲ್ಲಿ
ನೆದರ್‌ಲ್ಯಾಂಡ್ಸ್‌ಗೆ ಓದಲು ಹೋಗುವ ಮಕ್ಕಳಿಗೆ, ಕಳಿಸುವ ತಂದೆ ತಾಯಿಯರಿಗೆ

ನಮ್ಮ ಮನೆಗಳಲ್ಲಿ ಒಂದು ರೂಢಿಯುಂಟು. ಬಂದವರನ್ನು ‘ಕಾಫಿ ತರಲೇ?’ ಎಂದು ಕೇಳಿದರೆ ‘ಅಯ್ಯೋ ಬೇಡ, ಈಗಷ್ಟೇ ಕುಡಿದು ಬಂದೆ’ ಎನ್ನುವುದು ಅತಿಥಿಯ ಧರ್ಮ. ‘ಅರ್ಧ ಲೋಟವಾದರೂ ಕುಡಿಯಲೇಬೇಕು’ ಎನ್ನುವುದು ಮನೆಯವರ ಧರ್ಮ. ಮೂರನೆಯ ಸಲ ಬೇಡವೆನ್ನುವಷ್ಟರಲ್ಲಿ ಕಾಫಿ ಮುಂದೆ ಬಂದಿರುತ್ತದೆ. ಬೇಡ ಎಂದವರಿಗೂ ಬೇಕಿತ್ತು. ಕೇಳಿದವರಿಗೂ ಅದು ಗೊತ್ತಿತ್ತು.

ಇದೇ ಮಾತನ್ನು ನೆದರ್‌ಲ್ಯಾಂಡ್ಸ್‌ನ ಮನೆಯೊಂದರಲ್ಲಿ ಆಡಿದರೆ ಕಾಫಿ ಬರುವುದಿಲ್ಲ. ಅಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ. ಮತ್ತೆ ಮತ್ತೆ ಒತ್ತಾಯಿಸುವುದು ಉಪಚಾರವಲ್ಲ, ಎದುರಿನವರ ಮಾತನ್ನು ನಂಬದಿರುವುದು ಎಂದು ಅವರು ತಿಳಿಯುತ್ತಾರೆ. ಹೊಸದಾಗಿ ಹೋದವರು ಒಂದೆರಡು ಸಲ ಬಾಯಾರಿಕೆಯಲ್ಲೇ ಮರಳುತ್ತಾರೆ. ಆಮೇಲೆ ಬೇಕಾದದ್ದನ್ನು ಬೇಕು ಎನ್ನಲು ಕಲಿಯುತ್ತಾರೆ.

ಕಾಫಿಯ ಮಾತು ಹೋಗಲಿ ಎನ್ನಬಹುದು. ಆದರೆ ಡೆಲ್ಫ್ಟ್, ಐಂಡ್‌ಹೋವನ್, ವಾಖನಿಂಗನ್, ಟ್ವೆಂಟೆ, ಖ್ರೋನಿಂಗನ್‌ಗಳ ವಿಶ್ವವಿದ್ಯಾಲಯಗಳಿಗೆ ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಜಲ ವಿಜ್ಞಾನ ಓದಲು ಹೊರಡುವ ನಮ್ಮ ಮಕ್ಕಳನ್ನು ಅಲ್ಲಿ ಎಡವಿಸುವುದು ಬಹುಮಟ್ಟಿಗೆ ಇದೇ ಸಂಗತಿ. ಸ್ನಾತಕೋತ್ತರ ತರಗತಿಗಳ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುವುದರಿಂದ ಭಾಷೆಯ ತೊಡಕು ಅಷ್ಟಿಲ್ಲ. ತೊಡಕು ಇರುವುದು ಹೇಳದೆಯೇ ತಿಳಿಯಲಿ ಎಂದು ಕಾಯುವ ನಮ್ಮ ಅಭ್ಯಾಸದಲ್ಲಿ. ಬಾಯಿಬಿಟ್ಟು ಹೇಳದ ಕಷ್ಟ ಅಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ನೀರು ಕಲಿಸಿದ ಪಾಠ

ಹಾಲೆಂಡ್ ಎಂದೇ ನಮ್ಮಲ್ಲಿ ಹೆಚ್ಚು ಪರಿಚಿತವಾದ ದೇಶ ಇದು. ನಿಜಕ್ಕೂ ಹಾಲೆಂಡ್ ಎಂಬುದು ಅಲ್ಲಿನ ಹನ್ನೆರಡು ಪ್ರಾಂತಗಳಲ್ಲಿ ಎರಡರ ಹೆಸರು ಮಾತ್ರ. ವಿಸ್ತಾರದಲ್ಲಿ ಇಡೀ ದೇಶ ಕರ್ನಾಟಕದ ಕಾಲು ಭಾಗಕ್ಕೂ ಕಡಿಮೆ; ಜನ ಸುಮಾರು 1.8 ಕೋಟಿ. ನೆಲದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ನಮ್ಮ ವಿದ್ಯಾರ್ಥಿಗಳು ಬಂದಿಳಿಯುವ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣವೂ 19ನೇ ಶತಮಾನದಲ್ಲಿ ನೀರು ಹೊರಹಾಕಿ ಒಣಗಿಸಿದ ಒಂದು ದೊಡ್ಡ ಕೆರೆಯ ತಳದಲ್ಲೇ ಇದೆ!

ಹೀಗಿರುವಾಗ ಒಡ್ಡು ಕಾಯುವುದು ಒಬ್ಬರಿಬ್ಬರ ಕೆಲಸವಾಗಿ ಉಳಿಯಲಿಲ್ಲ. 13ನೇ ಶತಮಾನದಿಂದಲೇ ರೈತರೂ ಭೂಮಾಲಿಕರೂ ಕೂಡಿ ಕುಳಿತು ನೀರಿನ ಮಂಡಳಿಗಳನ್ನು ಕಟ್ಟಿಕೊಂಡರು. ಇಂದಿಗೂ ಅಂಥ 21 ಮಂಡಳಿಗಳಿವೆ. ಅವುಗಳಿಗೆ ಚುನಾವಣೆ ನಡೆಯುತ್ತದೆ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ, ಒಡ್ಡುಗಳು ಒಡೆದು ಆ ದೇಶದಲ್ಲಿ 1,836 ಮಂದಿ ಸತ್ತರು. ಆ ಬಳಿಕ ದಶಕಗಳ ಕಾಲ ದುಡಿದು ಕಡಲಿಗೆ ಬಾಗಿಲು ಹಾಕುವಂಥ ಭಾರಿ ತಡೆಗಳನ್ನು ಅವರು ಕಟ್ಟಿದರು.

ಒಡ್ಡಿನಲ್ಲಿ ಬಿರುಕು ಕಂಡವನು ‘ಹಿರಿಯರಿಗೆ ಹೇಗೆ ಹೇಳಲಿ’ ಎಂದು ಸಂಕೋಚ ಪಟ್ಟರೆ ಊರೇ ಮುಳುಗುತ್ತದೆ. ಡಚ್ಚರ ನೇರ ಮಾತಿನ ಬೇರು ಇಲ್ಲಿದೆ ಎನ್ನುವವರುಂಟು. ಎಲ್ಲರೂ ಕುಳಿತು ಚರ್ಚಿಸಿ ಒಮ್ಮತಕ್ಕೆ ಬರುವ ಅವರ ಕ್ರಮಕ್ಕೆ, ಸಮುದ್ರದಿಂದ ಗೆದ್ದ ನೆಲದ ಹೆಸರನ್ನೇ ಇಟ್ಟು ‘ಪೋಲ್ಡರ್ ಮಾದರಿ’ ಎಂದು ಕರೆಯುತ್ತಾರೆ. ಕಾರಣ ಏನೇ ಇರಲಿ, ನೇರ ಮಾತು ಅಲ್ಲಿ ಒರಟುತನವಲ್ಲ. ಅದು ಪ್ರಾಮಾಣಿಕತೆ.

ಮೇಷ್ಟ್ರಿಗೆ ಎದುರು ಮಾತು

ತರಗತಿಯಲ್ಲಿ ಇದರ ಮೊದಲ ಬಿಸಿ ತಟ್ಟುತ್ತದೆ. ಪ್ರಾಧ್ಯಾಪಕರನ್ನು ಸಾಮಾನ್ಯವಾಗಿ ಹೆಸರು ಹಿಡಿದೇ ಕರೆಯುತ್ತಾರೆ. ‘ಸರ್’ ಎಂದು ಎದ್ದು ನಿಂತು ಬೆಳೆದ ನಮ್ಮ ಹುಡುಗರಿಗೆ ನಾಲಿಗೆ ಹೊರಳಲು ಕೆಲವು ವಾರಗಳೇ ಬೇಕು. ಅದಕ್ಕಿಂತ ಕಷ್ಟದ್ದು, ಅವರು ಹೇಳಿದ್ದು ಸರಿಯೆನಿಸದಿದ್ದರೆ ಅಲ್ಲೇ ಹೇಳಬೇಕಾಗಿರುವುದು. ನಮ್ಮಲ್ಲಿ ಸುಮ್ಮನಿರುವುದು ವಿನಯ. ಅಲ್ಲಿ ಸುಮ್ಮನಿರುವವನಿಗೆ ಎಲ್ಲ ಅರ್ಥವಾಗಿದೆ, ಇಲ್ಲವೇ ಪಾಠದಲ್ಲಿ ಆಸಕ್ತಿಯಿಲ್ಲ ಎಂದಾಗುತ್ತದೆ.

‘ನಿಮ್ಮ ವರದಿಯ ಎರಡನೇ ಅಧ್ಯಾಯ ಚೆನ್ನಾಗಿಲ್ಲ, ಮತ್ತೆ ಬರೆಯಿರಿ’ ಎಂದು ಎಲ್ಲರೆದುರು ಹೇಳಿದವರೇ ಅರ್ಧ ಗಂಟೆಯ ನಂತರ ನಗುತ್ತಾ ಜೊತೆಯಲ್ಲಿ ಕುಳಿತು ರೊಟ್ಟಿ ತಿನ್ನಬಹುದು. ಟೀಕೆ ಬರಹದ ಮೇಲಿನದು, ಬರೆದವರ ಮೇಲಿನದಲ್ಲ. ಇದು ಅರ್ಥವಾಗದೆ ರಾತ್ರಿಯಿಡೀ ಅತ್ತವರೂ ಇದ್ದಾರೆ. ಅರ್ಥವಾದ ಮೇಲೆ ಇದೇ ಒಳ್ಳೆಯದು ಎಂದವರೂ ಇದ್ದಾರೆ.

ಅಂಕದ ವಿಷಯವನ್ನು ಮನೆಯವರೂ ತಿಳಿದಿರಬೇಕು. ಅಲ್ಲಿ ಅಂಕ ಕೊಡುವುದು ಹತ್ತಕ್ಕೆ, ಸಾಮಾನ್ಯವಾಗಿ 5.5 ಬಂದರೆ ಉತ್ತೀರ್ಣ. ಏಳು ಒಳ್ಳೆಯ ಅಂಕ, ಎಂಟು ಬಹಳ ಒಳ್ಳೆಯದು. ಒಂಬತ್ತು, ಹತ್ತು ಅಪರೂಪ. ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದ ಮಗಳು ‘ಏಳೂವರೆ ಬಂತು’ ಎಂದು ಫೋನ್ ಮಾಡಿದರೆ ತಾಯಿ ಗಾಬರಿಯಾಗಬೇಕಿಲ್ಲ. ಸಿಹಿ ಹಂಚಬಹುದು!

ಗಾಬರಿಯಾಗಬೇಕಾದ ಲೆಕ್ಕ ಬೇರೆಯದು. ಒಂದು ವರ್ಷದ ಓದಿಗೆ 60 ಕ್ರೆಡಿಟ್; ಒಂದು ಕ್ರೆಡಿಟ್ ಎಂದರೆ 28 ಗಂಟೆಗಳ ದುಡಿಮೆ. ಯೂರೋಪಿನ ಹೊರಗಿನಿಂದ ಬಂದ ವಿದ್ಯಾರ್ಥಿ ಪ್ರತಿ ವರ್ಷ ಇದರ ಅರ್ಧದಷ್ಟಾದರೂ ಗಳಿಸಬೇಕು. ಇಲ್ಲದಿದ್ದರೆ ವಿಶ್ವವಿದ್ಯಾಲಯ ವಲಸೆ ಇಲಾಖೆಗೆ ತಿಳಿಸುತ್ತದೆ. ವಾಸದ ಪರವಾನಗಿಗೇ ಕುತ್ತು ಬರಬಹುದು. ಕಾಯಿಲೆ, ಮನೆಯಲ್ಲಿ ಸಾವುನೋವು, ಮನಸ್ಸಿನ ಕುಗ್ಗುವಿಕೆ ಮುಂತಾದ ಕಾರಣಗಳಿದ್ದರೆ ವಿಶ್ವವಿದ್ಯಾಲಯ ಅದನ್ನು ಪರಿಗಣಿಸುತ್ತದೆ. ಆದರೆ ಸಮಯಕ್ಕೆ ಸರಿಯಾಗಿ ಅದನ್ನು ಹೇಳಬೇಕು. ಇದಕ್ಕೆಂದೇ ವಿಭಾಗಗಳಲ್ಲಿ ಓದಿನ ಸಲಹೆಗಾರರಿರುತ್ತಾರೆ. ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಕುಳಿತವನ ಬಾಗಿಲನ್ನು ಯಾರೂ ಬಂದು ತಟ್ಟುವುದಿಲ್ಲ.

ಎಲ್ಲಕ್ಕೂ ಡೈರಿ

ನಮ್ಮಲ್ಲಿ ‘ಬಾರೋ, ಯಾವಾಗ ಬೇಕಾದರೂ ಮನೆಗೆ ಬಾ’ ಎನ್ನುವುದು ಪ್ರೀತಿ. ಅಲ್ಲಿ ‘ಮುಂದಿನ ತಿಂಗಳ 14ರಂದು ಸಂಜೆ ಆರಕ್ಕೆ ಬಾ’ ಎನ್ನುವುದು ಪ್ರೀತಿ. ಗೆಳೆಯನ ಭೇಟಿಗೂ ಮೊದಲೇ ದಿನ ಗೊತ್ತುಮಾಡಿ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಹಾಗೆ ಬರೆದುಕೊಂಡ ಮೇಲೆ ಆ ಸಮಯ ನಿಮ್ಮದೇ. ಐದು ನಿಮಿಷ ತಡವಾದರೂ ತಿಳಿಸಬೇಕು. ಹೇಳದೆ ಊಟದ ಹೊತ್ತಿಗೆ ಹೋದರೆ ಬಾಗಿಲಲ್ಲೇ ಮಾತು ಮುಗಿದೀತು. ಅವರ ರಾತ್ರಿಯೂಟ ಸಂಜೆ ಆರರ ಸುಮಾರಿಗೆ. ಎಷ್ಟು ಜನರೋ ಅಷ್ಟೇ ಅಡುಗೆ.

ಹುಟ್ಟುಹಬ್ಬಕ್ಕೆ ಕರೆದರೆ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿರುತ್ತಾರೆ. ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ತಾಯಿ, ಅಣ್ಣ, ಗೆಳತಿ ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ಹುಟ್ಟುಹಬ್ಬಗಳ ಕ್ಯಾಲೆಂಡರನ್ನು ಎಷ್ಟೋ ಮನೆಗಳಲ್ಲಿ ಶೌಚಾಲಯದ ಗೋಡೆಗೆ ತೂಗುಹಾಕಿರುತ್ತಾರೆ. ದಿನವೂ ಕಣ್ಣಿಗೆ ಬೀಳುವ ಜಾಗ ಬೇರೆಲ್ಲಿದೆ?

ಗೆಳೆಯರು ಕೂಡಿ ಹೋಟೆಲಿಗೆ ಹೋದರೆ ಅವರವರ ಪಾಲು ಅವರವರದು. ಎರಡು ಯೂರೋ ಬಾಕಿಯಿದ್ದರೂ ಮೊಬೈಲಿಗೆ ಸಂದೇಶ ಬರುತ್ತದೆ. ಇದನ್ನು ಜಿಪುಣತನವೆಂದು ಬಗೆಯಬಾರದು; ಯಾರೂ ಯಾರ ಹಂಗಿನಲ್ಲೂ ಇರಬಾರದೆಂಬುದು ಅದರ ಹಿಂದಿನ ಲೆಕ್ಕ. ‘ಸಾಮಾನ್ಯವಾಗಿರು, ಅದೇ ಸಾಕಷ್ಟು ಹುಚ್ಚು’ ಎಂಬರ್ಥದ ಗಾದೆ ಅವರಲ್ಲಿದೆ. ಸಿರಿಯ ಆಡಂಬರ, ಅಂಕಗಳ ಜಂಬ ಎರಡೂ ಅಲ್ಲಿ ಸಲ್ಲವು.

ಮೊದಲು ಕೋಣೆ, ಆಮೇಲೆ ವಿಮಾನ

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ವಸತಿ. ದೇಶದಲ್ಲಿ ಮನೆಗಳ ಕೊರತೆ ತೀವ್ರವಾಗಿದೆ. ‘ಕೋಣೆ ಸಿಗದಿದ್ದರೆ ಬರಬೇಡಿ’ ಎಂದು ಕೆಲವು ವಿಶ್ವವಿದ್ಯಾಲಯಗಳೇ ಈಚಿನ ವರ್ಷಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಎಚ್ಚರಿಸಿವೆ. ಇದೂ ನೇರ ಮಾತೇ. ಸುಮ್ಮನೆ ಹೆದರಿಸುತ್ತಾರೆಂದು ತಿಳಿಯಬಾರದು. ಪ್ರವೇಶದ ಜೊತೆಗೇ ವಿಶ್ವವಿದ್ಯಾಲಯದ ಮೂಲಕ ಕೋಣೆ ಕೊಡಿಸುವ ವ್ಯವಸ್ಥೆಯಿದ್ದರೆ ಮೊದಲ ದಿನವೇ ಅರ್ಜಿ ಹಾಕಬೇಕು. ಕೋಣೆ ತೋರಿಸದೆ ಮುಂಗಡ ಕೇಳುವವರನ್ನು ನಂಬಬಾರದು. ಇಂಥ ಮೋಸಗಾರರಿಗೆ ದೂರದ ದೇಶದಿಂದ ಬರುವ ವಿದ್ಯಾರ್ಥಿಗಳೇ ಸುಲಭದ ಬಲಿ.

ಇನ್ನೊಂದು ಪ್ರಶ್ನೆಯನ್ನು ಕೇಳಲು ಮರೆಯಬಾರದು: ‘ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದೇ?’ ನಾಲ್ಕು ತಿಂಗಳಿಗಿಂತ ಹೆಚ್ಚು ನೆಲೆಸುವವರು ಬಂದ ಐದು ದಿನಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ಹೆಸರು ನೋಂದಾಯಿಸಲು ಮುಂದಾಗಬೇಕು. ಅಲ್ಲಿ ಸಿಗುವ ಬಿಎಸ್‌ಎನ್ ಎಂಬ ನಾಗರಿಕ ಸೇವಾ ಸಂಖ್ಯೆ ಬ್ಯಾಂಕ್ ಖಾತೆ, ಕೆಲಸ, ವೈದ್ಯರು ಎಲ್ಲಕ್ಕೂ ಬೇಕು. ಕೆಲವರು ಬಾಡಿಗೆ ಪಡೆದು ನೋಂದಣಿಗೆ ಒಪ್ಪುವುದಿಲ್ಲ. ಅಂಥ ಕೋಣೆ ಅಗ್ಗವಾದರೂ ದುಬಾರಿಯೇ.

ಬಿಡುವಿನಲ್ಲಿ ದುಡಿದು ಖರ್ಚು ತೂಗಿಸಬಹುದೆಂಬ ಲೆಕ್ಕವನ್ನೂ ಎಚ್ಚರದಿಂದ ಹಾಕಬೇಕು. ಭಾರತದ ವಿದ್ಯಾರ್ಥಿಗಳು ವಾರಕ್ಕೆ 16 ಗಂಟೆ, ಇಲ್ಲವೇ ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ಣಾವಧಿ ದುಡಿಯಬಹುದು. ಅದಕ್ಕೂ ಕೆಲಸ ಕೊಡುವವರು ಪರವಾನಗಿ ಪಡೆಯಬೇಕು. ದುಡಿಯಲು ತೊಡಗಿದರೆ ಅಲ್ಲಿನ ಮೂಲ ಆರೋಗ್ಯ ವಿಮೆ ಕಡ್ಡಾಯ. ವಾಸದ ಪರವಾನಗಿಗಾಗಿ ತೋರಿಸಬೇಕಾದ ಹಣವೇ ಶುಲ್ಕ ಬಿಟ್ಟು ತಿಂಗಳಿಗೆ ಸಾವಿರ ಯೂರೋ ಮೀರುತ್ತದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ ಪಡೆಯುವ ಅವಕಾಶವಿರುವುದು ಒಂದು ಸಮಾಧಾನ.

ಜ್ವರ, ಮಳೆ, ಸೈಕಲ್ಲು

ಜ್ವರ ಬಂದರೆ ನೇರವಾಗಿ ದೊಡ್ಡ ಆಸ್ಪತ್ರೆಯ ತಜ್ಞರ ಬಳಿ ಓಡುವಂತಿಲ್ಲ. ಮೊದಲು ‘ಹೌಸಾರ್ಟ್ಸ್’ ಎಂಬ ಕುಟುಂಬ ವೈದ್ಯರು. ಅವರು ಬರೆದುಕೊಟ್ಟರೆ ತಜ್ಞರು. ಆರೋಗ್ಯವಾಗಿರುವಾಗಲೇ ಅವರಲ್ಲಿ ಹೆಸರು ಬರೆಸಿರಬೇಕು. ‘ಪ್ಯಾರಸಿಟಮಾಲ್ ನುಂಗಿ, ನಾಲ್ಕು ದಿನ ನೋಡಿ’ ಎಂಬ ಉತ್ತರ ಕೇಳಿ, ಚುಚ್ಚುಮದ್ದು ನಿರೀಕ್ಷಿಸಿದ್ದ ನಮ್ಮವರಿಗೆ ಸಿಟ್ಟು ಬರುವುದುಂಟು. ಅನಗತ್ಯವಾಗಿ ಆ್ಯಂಟಿಬಯಾಟಿಕ್ ಕೊಡದಿರುವುದು ಅಲ್ಲಿನ ಪದ್ಧತಿ. ಆದರೆ ನೋವು ಎಷ್ಟಿದೆ, ಎಷ್ಟು ದಿನದಿಂದಿದೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಬೇಕು. ‘ಪರವಾಗಿಲ್ಲ ಡಾಕ್ಟರೇ’ ಎಂದರೆ ಪರವಾಗಿಲ್ಲವೆಂದೇ ಅವರು ಬರೆದುಕೊಳ್ಳುತ್ತಾರೆ. ಪ್ರಾಣಾಪಾಯದ ಹೊತ್ತಿಗೆ ಕರೆಯಬೇಕಾದ ಸಂಖ್ಯೆ 112.

ಜನರಿಗಿಂತ ಸೈಕಲ್ಲುಗಳೇ ಹೆಚ್ಚಿರುವ ದೇಶವದು. ಯೂಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ತಾಣವೇ ಇದೆ. ಹಳೆಯ ಸೈಕಲ್ ಒಂದು, ಬೀಗ ಎರಡು ಕೊಂಡರೆ ಅರ್ಧ ನೆಲೆಸಿದಂತೆ. ರಸ್ತೆಯ ಬಲಗಡೆ ಸಾಗಬೇಕು. ತಿರುಗುವಾಗ ಕೈ ತೋರಿಸಬೇಕು. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕು. ಕೈಯಲ್ಲಿ ಫೋನ್ ಹಿಡಿದು ಸೈಕಲ್ ಹೊಡೆದರೆ 2019ರಿಂದ ದಂಡವಿದೆ. ಮಳೆ ಬಂತೆಂದು ತರಗತಿ ತಪ್ಪಿಸಿದರೆ ‘ನೀನೇನು ಸಕ್ಕರೆಯಿಂದ ಮಾಡಿದವನೇ?’ ಎನ್ನುತ್ತಾರೆ.

ಮಳೆಗಿಂತ ಕಾಡುವುದು ಕತ್ತಲೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟೂ ಮುಕ್ಕಾಲರ ಹೊತ್ತಿಗೆ, ಮುಳುಗುವುದು ಸಂಜೆ ನಾಲ್ಕೂವರೆಗೆ. ಸದಾ ಬಿಸಿಲು ಕಂಡ ಮಕ್ಕಳ ಮನಸ್ಸು ಆಗ ಕಾರಣವಿಲ್ಲದೆ ಮಂಕಾಗುತ್ತದೆ. ಅದು ಋತುವಿನ ಆಟವೆಂದು ಮೊದಲೇ ತಿಳಿದಿದ್ದರೆ ಅರ್ಧ ಭಾರ ಇಳಿದೀತು.

ಊಟಕ್ಕೆ ಅಷ್ಟು ಹೆದರಬೇಕಿಲ್ಲ. ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡು, ಚೀಸು ತಿನ್ನುವ ಜನ ಅವರು. ಆದರೆ ‘ಕಾರ್ನೆಮೆಲ್ಕ್’ ಎಂಬ ಹೆಸರಿನಲ್ಲಿ ಮಜ್ಜಿಗೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಕಟ್ಟಾ ಸಸ್ಯಾಹಾರಿಗಳು ಮಾತ್ರ ಕೆಲವು ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುವುದನ್ನು ಗಮನಿಸಬೇಕು. ಹೇಗ್ ನಗರದಲ್ಲಿ ಬೇಳೆ, ಮಸಾಲೆ, ನಮ್ಮ ತರಕಾರಿಗಳ ಅಂಗಡಿಗಳಿವೆ. ಅದರ ಹಿಂದೊಂದು ಕಥೆಯಿದೆ. 1873ರಿಂದ ಉತ್ತರ ಭಾರತದ ಸಾವಿರಾರು ಕೂಲಿಗಳನ್ನು ಡಚ್ಚರ ವಸಾಹತಾಗಿದ್ದ ಸುರಿನಾಮಿಗೆ ಹಡಗಿನಲ್ಲಿ ಸಾಗಿಸಲಾಯಿತು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಮೊಮ್ಮಕ್ಕಳು ಮರಿಮಕ್ಕಳು ಅನೇಕರು ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ಎರಡು ಸಾಗರ ದಾಟಿದ ಆ ಜನ ರೊಟ್ಟಿಯನ್ನೂ ಹೋಳಿಯನ್ನೂ ಬಿಟ್ಟಿಲ್ಲ. ಡಚ್ ಭಾಷೆಯನ್ನು ತಮ್ಮದಲ್ಲವೆಂದೂ ಹೇಳಿಲ್ಲ.

ಇನ್ನು ಮನೆಯವರಿಗೆ

ತಂದೆ ತಾಯಿಯರಿಗೆ ಒಂದು ಕಹಿ ಸತ್ಯ ತಿಳಿದಿರಲಿ. ಮಗ ಹೇಗೆ ಓದುತ್ತಿದ್ದಾನೆಂದು ನೀವು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿದರೆ ಉತ್ತರ ಬರುವುದಿಲ್ಲ. ಹದಿನೆಂಟು ದಾಟಿದವರ ಅಂಕ, ಆರೋಗ್ಯ, ಹಾಜರಿಯ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ಕೊಡುವಂತಿಲ್ಲ. ನಿಮಗೆ ತಿಳಿಯುವುದು ಅವನು ಹೇಳಿದಷ್ಟೇ. ಅವನು ಹೇಳುವುದು, ಹೇಳಿದರೆ ನೀವು ಬೈಯುವುದಿಲ್ಲ ಎಂಬ ಧೈರ್ಯವಿದ್ದಷ್ಟೇ.

ಸಾಲ ಮಾಡಿ ಕಳಿಸಿದ ತಂದೆಗೆ ‘ಒಂದು ವಿಷಯ ಕೈಕೊಟ್ಟಿದೆ’ ಎನ್ನಲು ಮಗಳು ಹಿಂಜರಿಯುತ್ತಾಳೆ. ಅಮ್ಮನಿಗೆ ಚಿಂತೆಯಾದೀತೆಂದು ‘ಚೆನ್ನಾಗಿದ್ದೇನೆ’ ಎನ್ನುತ್ತಾಳೆ. ಅಲ್ಲಿನವರಿಗೆ ಆ ಮಾತಿನ ಹಿಂದಿನ ಮೌನ ಕೇಳಿಸದು, ನಿಮಗೆ ಕೇಳಿಸೀತು. ಆದ್ದರಿಂದ ಹೊರಡುವ ಮುನ್ನವೇ ಒಂದು ಒಪ್ಪಂದ ಮಾಡಿಕೊಳ್ಳಿ: ಕೆಟ್ಟ ಸುದ್ದಿಯಾದರೂ ಮೊದಲು ಹೇಳುವುದು, ಬೈಗುಳ ಆಮೇಲೆ. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ವಾರಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು, ಡಚ್ಚರಂತೆ ಡೈರಿಯಲ್ಲಿ ಬರೆದುಕೊಂಡು, ನಿಧಾನವಾಗಿ ಮಾತನಾಡಿ.

ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿಗಳಿಗೆ ಜಾಗ ಇದ್ದೇ ಇರುತ್ತದೆ. ಅದರ ಜೊತೆಗೆ ‘ನನಗೆ ಅರ್ಥವಾಗಲಿಲ್ಲ’, ‘ನನಗೆ ಸಹಾಯ ಬೇಕು’, ‘ಇದು ನನ್ನಿಂದಾಗದು’ ಎಂಬ ಮೂರು ಮಾತುಗಳನ್ನೂ ಮಕ್ಕಳ ನಾಲಿಗೆಗೆ ರೂಢಿಮಾಡಿ ಕಳಿಸಿದರೆ ಒಳ್ಳೆಯದು. ಆ ರೂಢಿಯನ್ನು ಡಚ್ಚರಿಂದಲೇ ಕಲಿಯಬೇಕೆಂದಿಲ್ಲ. ನಮ್ಮ ನಡುಮನೆಯಲ್ಲೇ ಶುರುಮಾಡಬಹುದು.